ಸೌದೆ ತೂಕಕ್ಕೆ ಕೊಳ್ಳೋದೋ, ಅಟ್ಟಿ ಅಳತೆಗೋ? ಒಣಗಿದೆ ಅಂತ ನಂಬೋದು ಹೇಗೆ?

ಒಲೆಮುಂದೆ
ಒಂದು ಟನ್ ಆಸುಪಾಸು ಸೌದೆ ಬೇಕು. ಒಬ್ಬರು ತೂಕಕ್ಕೆ ಕೊಡ್ತೀನಿ ಅಂತಾರೆ. ಇನ್ನೊಬ್ಬರದು ಅಟ್ಟಿ ಒಟ್ಟಿ ಉದ್ದ, ಅಗಲ, ಎತ್ತರದ ಲೆಕ್ಕ. ಮೂರನೆಯವರು "ಒಂದು ಲೋಡು" ಅಂತ ಬಿಟ್ಟರೆ ಬೇರೆ ಮಾತಿಲ್ಲ. ಮೂವರ ಬಾಯಲ್ಲೂ "ಚೆನ್ನಾಗಿ ಒಣಗಿದ ಮಾಲು" ಅನ್ನೋದು ಮಾತ್ರ ಒಂದೇ. ಈ ಮೂರನ್ನೂ ಒಂದೇ ಲೆಕ್ಕಕ್ಕೆ ತಂದು ಹೋಲಿಸೋದು ಹೇಗೆ? ಗಾಡಿಯಿಂದ ಇಳಿಸೋ ಮುಂಚೆಯೇ ಹಸಿಯೋ ಒಣಗಿದ್ದೋ ತಿಳಿಯೋ ದಾರಿ ಇದೆಯಾ?

ತಕ್ಕಡಿಮುಳ್ಳು
ಕಣ್ಣು ಮುಚ್ಚಿ ತೂಕಕ್ಕೆ ತಗೊಳ್ಳಿ. ತಕ್ಕಡಿ ಸುಳ್ಳು ಹೇಳಲ್ಲ. ಅಟ್ಟಿಯಲ್ಲಿ ಗಾಳಿಗೆ ದುಡ್ಡು ಕೊಡ್ತೀರಿ.

ನೀರಿನಂಶ
ತಕ್ಕಡಿ ಸುಳ್ಳು ಹೇಳಲ್ಲ ನಿಜ, ಆದರೆ ಮೇಲಿಟ್ಟಿದ್ದು ಮರವೋ ನೀರೋ ಅಂತಲೂ ಹೇಳಲ್ಲ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. 1000 ಕೆಜಿ ಅಂಥ ಸೌದೆ ಕೊಂಡರೆ ಒಳಗಿರೋ ಮರ 500 ಕೆಜಿ. ಅದೇ 1000 ಕೆಜಿ ಶೇ 20 ನೀರಿಗೆ ಒಣಗಿದ್ದಾದರೆ ಮರ 800 ಕೆಜಿ.

ಲೆಕ್ಕ ಅಷ್ಟಕ್ಕೇ ಮುಗಿಯಲ್ಲ. ಒಳಗಿನ ಆ ನೀರನ್ನ ಆವಿ ಮಾಡೋಕೂ ನಿಮ್ಮ ಸೌದೆಯೇ ಉರಿಯಬೇಕು. ಒಂದು ಕಿಲೋ ಸೌದೆಯಿಂದ ಸಿಗೋ ಶಾಖ ಅಂದಾಜು ಹೀಗೆ: ನೀರು ಶೇ 20 ಇದ್ದರೆ 14.7 ಮೆಗಾಜೂಲ್, ಶೇ 40 ಇದ್ದರೆ 10.4, ಶೇ 50 ಇದ್ದರೆ 8.3. ಇದು ಕಾಗದದ ಮೇಲಿನ ಲೆಕ್ಕ. ಒಲೆಯಲ್ಲಿ ಇನ್ನೂ ಕಡಿಮೆ, ಯಾಕಂದ್ರೆ ಹಸಿ ಸೌದೆಯಲ್ಲಿ ಉರಿ ತಣ್ಣಗಿದ್ದು ಹೊಗೆ ಸುಡದೆ ಹಾಗೇ ಹೊರಗೆ ಹೋಗುತ್ತೆ, ಇಲ್ಲಾಂದ್ರೆ ಚಿಮಣಿಯೊಳಗೆ ಡಾಂಬರಿನ ಹಾಗೆ ಮೆತ್ತಿಕೊಳ್ಳುತ್ತೆ. ಆ ಮಸಿಗೆ ಒಂದಿನ ಬೆಂಕಿ ಹತ್ತಿದರೆ ಚಿಮಣಿಯೇ ಹೋಯ್ತು.

ಗರಗಸ
ಹಾಗಂತ ಅಳತೆಗೆ ಹೋದರೆ ಮೋಸ ಇಲ್ವಾ? ಅಟ್ಟಿ ಒಟ್ಟೋದರಲ್ಲೇ ಅರ್ಧ ಕೈಚಳಕ ಇದೆ. ಎರಡೂ ತುದಿಯಲ್ಲಿ ಜಾರದಿರಲಿ ಅಂತ ತುಂಡುಗಳನ್ನ ಅಡ್ಡ-ಉದ್ದ ಹೇರಿ ಕಂಬ ಎಬ್ಬಿಸ್ತಾರಲ್ಲ, ಆ ಕಂಬದೊಳಗೆ ಮರಕ್ಕಿಂತ ಸಂದು ಜಾಸ್ತಿ. ಅಟ್ಟಿ ನಿಲ್ಲೋಕೆ ಅದು ಬೇಕು, ಒಪ್ಪೋಣ, ಆದರೆ ಅಟ್ಟಿ ಪೂರ್ತಿ ಹಾಗೇ ಕಟ್ಟಿದ್ದರೆ ಬೇಡ ಅನ್ನಿ. ಸೊಟ್ಟ ಕೊಂಬೆ, ಕವಲು ಬಿಟ್ಟ ತುಂಡು, ಗಂಟು ಇರೋದು ಇವೆಲ್ಲ ಜಾಗ ತಿನ್ನುತ್ತವೆ. ಮುಂದಿನ ಮುಖದಲ್ಲಿ ನೀಟಾಗಿ ಜೋಡಿಸಿ ಹಿಂದೆ ಹೇಗೆ ಬೇಕೋ ಹಾಗೆ ಎಸೆದಿರೋದೂ ಉಂಟು.

ಅಳತೆಪಟ್ಟಿ
ಗರಗಸ ಅವರು ಹೇಳಿದ್ದನ್ನ ಅಳೆದು ನೋಡೋ ಉಪಾಯ ಇದೆ. ಅಟ್ಟಿಯ ಮುಖಕ್ಕೆ, ಅಂದರೆ ತುಂಡುಗಳ ಕೊನೆ ಕಾಣೋ ಕಡೆಗೆ, ನೇರ ನಿಂತು ಫೋಟೋ ತೆಗೆಯಿರಿ. ಫೋನಿನಲ್ಲೇ ಅದರ ಮೇಲೆ ಅಡ್ಡ ಹತ್ತು, ಉದ್ದ ಹತ್ತು ಅಂತ ಸಮ ದೂರದಲ್ಲಿ 100 ಚುಕ್ಕಿ ಇಡಿ. ಎಷ್ಟು ಚುಕ್ಕಿ ಮರದ ಮೇಲೆ ಬಿತ್ತು, ಎಷ್ಟು ಸಂದಿನಲ್ಲಿ ಬಿತ್ತು ಎಣಿಸಿ. 64 ಮರದ ಮೇಲೆ ಬಿದ್ದರೆ ಅಟ್ಟಿಯಲ್ಲಿ ಗಟ್ಟಿ ಮರ ಸುಮಾರು ಶೇ 64. ತುಂಡುಗಳು ಎಲ್ಲ ಒಂದೇ ದಿಕ್ಕಿಗೆ ಇದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತೆ. ಹಿಂದಿನ ಮುಖದ್ದೂ ಒಂದು ಫೋಟೋ ತೆಗೀರಿ. ಎರಡರ ಮಧ್ಯೆ ಹತ್ತಕ್ಕಿಂತ ಜಾಸ್ತಿ ಅಂತರ ಬಂದರೆ ಮುಂದಿನದು ಅಲಂಕಾರ.

ಸೀಳಿದ ಸೌದೆಯನ್ನ ಒತ್ತಾಗಿ ಒಟ್ಟಿದರೆ ಶೇ 65ರಿಂದ 70 ಬರಬೇಕು. 60ರ ಕೆಳಗೆ ಬಂದರೆ ಸೊಟ್ಟ ಮಾಲೋ ಸಡಿಲ ಕೆಲಸವೋ ಏನೋ ಒಂದಿದೆ. ಎತ್ತರ ಮೂರು ಕಡೆ ಅಳೆದು ಸರಾಸರಿ ಹಿಡೀರಿ, ಎತ್ತರ ಇರೋ ಜಾಗದಲ್ಲಿ ಮಾತ್ರ ಪಟ್ಟಿ ಇಡೋದಕ್ಕೆ ಬಿಡಬೇಡಿ.

ಬೂದಿಬುಟ್ಟಿ
"ಒಂದು ಲೋಡು" ಅನ್ನೋರ ಕಥೆ ಏನು?

ಅಳತೆಪಟ್ಟಿ
ಲೋಡು ಅನ್ನೋದು ಅಳತೆಯೇ ಅಲ್ಲ. ಗಾಡಿಯ ಒಳಗಿನ ಉದ್ದ, ಅಗಲ, ತುಂಬಿದ ಎತ್ತರ ಅಳೆದರೆ ಘನ ಅಳತೆ ಬರುತ್ತೆ. ಚಕ್ರದ ಮೇಲಿನ ಉಬ್ಬು ಒಳಗೆ ಬಂದಿದ್ದರೆ ಅದನ್ನ ಕಳೀರಿ. ಆಮೇಲೆ ಒಟ್ಟಿದ್ದಾ, ಸುರಿದಿದ್ದಾ ಕೇಳಿ. ಸೌದೆ ವ್ಯಾಪಾರದಲ್ಲಿ ಬಳಸೋ ಅಂದಾಜು: 1 ಘನ ಮೀಟರ್ ಗಟ್ಟಿ ಮರ ಒಂದು ಮೀಟರ್ ಉದ್ದದ ಸೀಳುಗಳಾಗಿ ಒಟ್ಟಿದರೆ 1.4 ಘನ ಮೀಟರ್, 33 ಸೆಂಟಿಮೀಟರ್ ತುಂಡು ಮಾಡಿ ಒಟ್ಟಿದರೆ 1.2 ಆಸುಪಾಸು, ಅದನ್ನೇ ಹಾಗೇ ಸುರಿದರೆ 2. ಅದೇ ಮರ, ಮೂರು ಸಂಖ್ಯೆ. ಜಗಳ ಹುಟ್ಟೋದು ಇಲ್ಲೇ.

ಗರಗಸ
ಇದನ್ನ ಇನ್ನೂ ಒತ್ತಿ ಹೇಳಬೇಕು. ಒಂದು ಮೀಟರ್ ಉದ್ದದ ತುಂಡು ಅಳತೆ ಮಾಡಿ ಕೊಂಡು, ಮನೆಯಲ್ಲಿ ಮೂರು ತುಂಡು ಮಾಡಿ ಮತ್ತೆ ಒಟ್ಟಿ ಅಳೆದರೆ ಕಡಿಮೆ ಬಂದೇ ಬರುತ್ತೆ. ಉದ್ದ ತುಂಡಿನ ಡೊಂಕು ದೊಡ್ಡ ಸಂದು ಬಿಡುತ್ತೆ, ಗಿಡ್ಡ ತುಂಡು ಒತ್ತಾಗಿ ಕೂರುತ್ತೆ. ಮಾರಿದವನನ್ನ ಬೈದು ಪ್ರಯೋಜನ ಇಲ್ಲ. ಯಾವ ಉದ್ದದಲ್ಲಿ ಅಳೆದದ್ದು ಅಂತ ಮೊದಲೇ ಮಾತಾಗಬೇಕು.

ತಕ್ಕಡಿಮುಳ್ಳು
ನೋಡಿ, ಇಷ್ಟೆಲ್ಲ ಚುಕ್ಕಿ ಎಣಿಸೋ ಬದಲು ತೂಗಿಸಿಬಿಡೋದು ಸುಲಭ ಅಲ್ವಾ? ಇನ್ನೊಂದು ಮಾತು. ತೂಕಕ್ಕೆ ಕೊಂಡರೆ ಮರದ ಜಾತಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೂರ್ತಿ ಒಣಗಿದ ಮರ ಯಾವುದೇ ಆಗಲಿ, ಕಿಲೋಗೆ 18–19 ಮೆಗಾಜೂಲ್ ಹತ್ತಿರವೇ ಕೊಡುತ್ತೆ. ರಾಳ ಇರೋ ಪೈನ್‌ನಂಥದ್ದು ಸ್ವಲ್ಪ ಮೇಲೆ. ಅಳತೆಗೆ ಕೊಂಡಾಗ ಮಾತ್ರ ಹಗುರ ಮರ ಕೊಟ್ಟು ಮುಳುಗಿಸಬಹುದು.

ನೀರಿನಂಶ
ಈ ಮಾತು ನೂರಕ್ಕೆ ನೂರು ಸರಿ, ಇದಕ್ಕೆ ತಕರಾರಿಲ್ಲ. ಸಂದಿಲ್ಲದ ಒಂದು ಘನ ಮೀಟರ್ ಭಾರದ ಮರದಲ್ಲಿ ಒಣ ಪದಾರ್ಥ 700 ಕೆಜಿ ಇದ್ದರೆ, ಹಗುರ ಮರದಲ್ಲಿ 450 ಮಾತ್ರ ಇರಬಹುದು. ಶೇ 65 ಮರ ಇರೋ ಒಂದು ಘನ ಮೀಟರ್ ಅಟ್ಟಿಯಲ್ಲಿ ಮೊದಲನೆಯದು 455 ಕೆಜಿ, ಎರಡನೆಯದು 290. ಹಾಗಾಗಿ ಅಳತೆಗೆ ಕೊಳ್ಳೋರು ಜಾತಿ ಕೇಳಬೇಕು, ತೂಕಕ್ಕೆ ಕೊಳ್ಳೋರು ನೀರು ಕೇಳಬೇಕು. ಒಲೆಮುಂದೆ ಅವರು ಕೇಳಿದ "ಒಂದೇ ಲೆಕ್ಕ" ಅಂದರೆ ಒಣ ಕಿಲೋ. ಎಲ್ಲವನ್ನೂ ಅದಕ್ಕೇ ಇಳಿಸಿ ನೋಡಿ.

ತೂಕದ ಮಾಲಿಗೆ: ನೂರರಲ್ಲಿ ನೀರಿನ ಪಾಲು ಕಳೆದು ತೂಕಕ್ಕೆ ಗುಣಿಸಿ. 1000 ಕೆಜಿ, ನೀರು ಶೇ 35, ಒಣ ಮರ 650.
ಅಟ್ಟಿಯ ಮಾಲಿಗೆ: ಅಟ್ಟಿಯ ಘನ ಅಳತೆ, ಅದಕ್ಕೆ ಗಟ್ಟಿ ಮರದ ಪಾಲು, ಅದಕ್ಕೆ ಆ ಜಾತಿಯ ಒಣ ತೂಕ ಗುಣಿಸಿ.
ಹೇಳಿದ ಬೆಲೆಯನ್ನ ಒಣ ಕಿಲೋಗೆ ಭಾಗಿಸಿದರೆ ಯಾವುದು ಅಗ್ಗ ಅಂತ ಗೊತ್ತಾಗುತ್ತೆ.

ಡಿಪೋದವ
ಮಾರುವ ಕಡೆಯಿಂದಲೂ ಎರಡು ಮಾತು ಕೇಳಿ ಸ್ವಾಮಿ. 1000 ಕೆಜಿ ಹಸಿ ಸೌದೆ, ನೀರು ಶೇ 50. ಒಣಗಿಸಿ ಶೇ 20ಕ್ಕೆ ತಂದರೆ ಕೈಗೆ ಉಳಿಯೋದು 625 ಕೆಜಿ. ಸೀಳಿದ ಕೂಲಿ, ಒಟ್ಟಿದ ಕೂಲಿ, ತಿಂಗಳುಗಟ್ಟಲೆ ಜಾಗ, ಮೇಲೆ ತಗಡು ಇಷ್ಟೂ ಖರ್ಚು ಮಾಡಿ 375 ಕೆಜಿ ಗಾಳಿಗೆ ಬಿಟ್ಟು ಮಾರೋರು ಕಿಲೋ ದರ ಜಾಸ್ತಿ ಹೇಳ್ತಾರೆ. ಪಕ್ಕದ ಹಸಿ ಸೌದೆಯವರು ಕಡಿಮೆ ದರ ಹೇಳ್ತಾರೆ. ಗಿರಾಕಿ ಕಡಿಮೆ ದರಕ್ಕೇ ಹೋಗ್ತಾರೆ. ಹಾಗಿದ್ದ ಮೇಲೆ ಯಾರು ಒಣಗಿಸ್ತಾರೆ? ಕಿಲೋ ದರ ಒಂದನ್ನೇ ಕೇಳೋ ಗಿರಾಕಿಯೇ ಹಸಿ ಸೌದೆ ಬೆಳೆಸ್ತಿರೋದು.

ಮಳೆಯ ಮಾತೂ ಅಷ್ಟೇ. ಒಣಗಿದ ಸೌದೆ ಮೇಲೆ ಒಂದು ಮಳೆ ಬಿದ್ದರೆ ಹಸಿ ಆಗಲ್ಲ. ಮೇಲಿನ ನೀರು ಎರಡು ಬಿಸಿಲಿಗೆ ಹೋಗುತ್ತೆ. ಹಾಂ, ನೆಂದ ದಿನವೇ ತೂಗಿ ಮಾರಿದರೆ ಅದು ತಪ್ಪು.

ಬೂದಿಬುಟ್ಟಿ
ಡಿಪೋದವರು ಹೇಳಿದ್ದು ಸರಿ. ಹಾಗಾದ್ರೆ ಹಸಿಗೆ ಕಡಿಮೆ ದರ ಅಂತ ಎಷ್ಟು ಕಡಿಮೆ ಕೇಳೋದು?

ನೀರಿನಂಶ
ಶೇ 20 ನೀರಿನ ದರವನ್ನ ಬುನಾದಿ ಮಾಡ್ಕೊಳ್ಳಿ. ಬಂದ ಮಾಲಿನ ಒಣ ಪಾಲನ್ನ 80ರಿಂದ ಭಾಗಿಸಿ. ನೀರು ಶೇ 35 ಇದ್ದರೆ 65/80, ಅಂದರೆ 0.81. ನೀರು ಶೇ 45 ಇದ್ದರೆ 55/80, 0.69. ಅಷ್ಟು ಪಾಲು ದರ ಸಾಕು, ಅದೂ ಒಣಗಿಸೋಕೆ ನಿಮ್ಮ ಹತ್ತಿರ ಜಾಗ, ಸಮಯ ಇದ್ದರೆ. ನಾಳೆಯೇ ಉರಿಸಬೇಕು ಅನ್ನೋರಿಗೆ ಆ ದರಕ್ಕೂ ನಷ್ಟವೇ.

ಒಲೆಮುಂದೆ
ಲೆಕ್ಕ ಅರ್ಥ ಆಯ್ತು. ಈ ಶೇಕಡಾವಾರು ನೀರು ಕಂಡುಹಿಡಿಯೋದು ಹೇಗೆ? ಸೂಜಿ ಚುಚ್ಚೋ ಮೀಟರ್ ಸಿಗುತ್ತಲ್ಲ, ಅದು ನಂಬೋ ಹಾಗಿದೆಯಾ?

ಚೇಗುಕಟ್ಟಿಗೆ
ನಂಬಬಹುದು, ಬಳಸೋ ರೀತಿಯಲ್ಲಿ ಬಳಸಿದರೆ. ಹೊರಗಿನ ಮೈಗೋ ಕೊನೆಗೋ ಚುಚ್ಚಿದರೆ ಸುಳ್ಳು ಸಂಖ್ಯೆ ಬರುತ್ತೆ, ಅಲ್ಲಿ ಮೊದಲೇ ಒಣಗಿರುತ್ತೆ. ಒಂದು ತುಂಡನ್ನ ಆಗಲೇ ಸೀಳಿಸಿ, ಹೊಸ ಮುಖದ ನಡುಭಾಗದಲ್ಲಿ, ಎಳೆ ಹೋದ ದಿಕ್ಕಿಗೇ ಎರಡು ಸೂಜಿ ಬರೋ ಹಾಗೆ ಬಲವಾಗಿ ಒತ್ತಿ. ಒಂದು ತುಂಡಿನಲ್ಲಿ ಮೂರು ಕಡೆ. ಅಟ್ಟಿಯ ಮೇಲೆ, ನಡುವೆ, ಅಡಿ ಹೀಗೆ ಕಡಿಮೆ ಅಂದ್ರೂ ಆರೇಳು ತುಂಡು ನೋಡಿ, ದಪ್ಪ ತುಂಡುಗಳನ್ನೇ ಆರಿಸಿ. ಬಿಸಿಲಿಗೆ ಕಾದ ಮರದಲ್ಲಿ ಓದು ಸ್ವಲ್ಪ ಮೇಲೆ ತೋರಿಸುತ್ತೆ, ತಣ್ಣಗಿರೋದರಲ್ಲಿ ಕೆಳಗೆ.

ಇನ್ನೊಂದು, ಸುಮಾರು 30ರ ಮೇಲೆ ಆ ಸಂಖ್ಯೆಗೆ ಅರ್ಥ ಕಡಿಮೆ. 38 ತೋರಿಸಿತೋ 46 ತೋರಿಸಿತೋ, "ಹಸಿ" ಅಂತ ಮಾತ್ರ ಓದ್ಕೊಳ್ಳಿ.

ನೀರಿನಂಶ
ಇಲ್ಲೇ ಒಂದು ಗುಂಡಿ ಇದೆ, ಎಲ್ಲರೂ ಬೀಳ್ತಾರೆ. ಸಾಮಾನ್ಯವಾಗಿ ಆ ಮೀಟರ್ ಹೇಳೋದು ಒಣ ಮರದ ತೂಕಕ್ಕೆ ನೀರು ಎಷ್ಟು ಅಂತ. ಸೌದೆ ವ್ಯಾಪಾರದಲ್ಲಿ ಹೇಳೋದು ಒಟ್ಟು ತೂಕದಲ್ಲಿ ನೀರು ಎಷ್ಟು ಅಂತ. ಎರಡೂ ಶೇಕಡಾ, ಎರಡೂ ಬೇರೆ. ಮೀಟರ್ 25 ತೋರಿಸಿದರೆ ವ್ಯಾಪಾರದ ಲೆಕ್ಕದಲ್ಲಿ 20. ಮೀಟರ್ 30 ಅಂದರೆ 23. ಬದಲಾಯಿಸೋದು ಸುಲಭ: ಮೀಟರಿನ ಸಂಖ್ಯೆಗೆ 100 ಕೂಡಿಸಿ, ಅದರಿಂದ ಮೀಟರಿನ ಸಂಖ್ಯೆಯನ್ನೇ ಭಾಗಿಸಿ, 100ರಿಂದ ಗುಣಿಸಿ. ನಿಮ್ಮ ಮೀಟರ್ ಯಾವ ಲೆಕ್ಕದ್ದು ಅಂತ ಅದರ ಜೊತೆ ಬರೋ ಚೀಟಿಯಲ್ಲಿ ಇರುತ್ತೆ.

ಹಸಿ ಮರದ ನೀರು "ಶೇ 100" ಅಂತ ಕೇಳಿ ಕೆಲವರು ನಗ್ತಾರೆ. ಅರ್ಧ ಮರ ಅರ್ಧ ನೀರು ಇದ್ದರೆ ಒಣ ಲೆಕ್ಕದಲ್ಲಿ ಅದು ನೂರೇ.

ತಕ್ಕಡಿಮುಳ್ಳು
ಮೀಟರ್ ಯಾಕೆ? ಎರಡು ತುಂಡು ಒಂದಕ್ಕೊಂದು ಬಡಿದರೆ ಸಾಕು. ಒಣಗಿದ್ದು ಠಣ್ ಅನ್ನುತ್ತೆ, ಹಸಿಯದು ಧಪ್ ಅನ್ನುತ್ತೆ. ಕೊನೆಯಲ್ಲಿ ಬಿರುಕು ನೋಡಿ, ತೊಗಟೆ ಬಿಟ್ಟಿದೆಯಾ ನೋಡಿ.

ಚೇಗುಕಟ್ಟಿಗೆ
ಬಿರುಕನ್ನ ನಂಬಿದವರೇ ಜಾಸ್ತಿ ಮೋಸ ಹೋಗೋದು. ಕೊನೆ ಬೇಗ ಒಣಗುತ್ತೆ, ಬೇಗ ಸೀಳುತ್ತೆ, ಒಳಗೆ ಒಂದಡಿ ಹೋದರೆ ಇನ್ನೂ ಹಸಿ. ಒಮ್ಮೆ ಬಿರುಕು ಬಿಟ್ಟ ಮರ ಆಮೇಲೆ ನೆಂದರೂ ಬಿರುಕು ಪೂರ್ತಿ ಮುಚ್ಚಲ್ಲ. ಸದ್ದು ಪರವಾಗಿಲ್ಲ, ಆದರೆ ಒಂದೇ ಜಾತಿ, ಒಂದೇ ಗಾತ್ರದ ಎರಡು ತುಂಡಿಗೆ ಮಾತ್ರ. ಹಗುರ ಮರ ಒಣಗಿದ್ರೂ ಧಪ್ ಅನ್ನಬಹುದು.

ಹೊಗೆಕೊಳವೆ
ಒಂದು ಕೊನೆಗೆ ಸೋಪಿನ ನೀರು ಹಚ್ಚಿ ಇನ್ನೊಂದು ಕೊನೆಯಿಂದ ಊದಿದರೆ ಗುಳ್ಳೆ ಬಂದರೆ ಒಣಗಿದೆ ಅಂತಾರಲ್ಲ?

ಚೇಗುಕಟ್ಟಿಗೆ
ಉದ್ದುದ್ದ ತೆರೆದ ರಂಧ್ರ ಇರೋ ಜಾತಿಗೆ, ಅದೂ ಗಿಡ್ಡ ತುಂಡಿಗೆ ನಡೆಯುತ್ತೆ. ಉಳಿದದ್ದಕ್ಕೆ ನಿಮ್ಮ ಉಸಿರು ದಂಡ 😄

ನೀರಿನಂಶ
ಖಚಿತ ಬೇಕಾದರೆ ತೂಗಿ ಒಣಗಿಸಿ ಮತ್ತೆ ತೂಗೋದೇ. ತುಂಡಿನ ನಡುವಿನಿಂದ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಕೊಯ್ದು ತಕ್ಷಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದಾರಿಯಲ್ಲಿ ನೀರು ಹೋಗಬಾರದು. ಒಂದು ಗ್ರಾಂ ತೋರಿಸೋ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಒಣಗಿಸಿ, ಒಂದು ದಿನ ಹಿಡಿಯಬಹುದು. ಒಂದೆರಡು ಗಂಟೆ ಬಿಟ್ಟು ಎರಡು ಸಲ ತೂಗಿದಾಗ ಒಂದೇ ಸಂಖ್ಯೆ ಬಂದರೆ ಮುಗೀತು. 240 ಗ್ರಾಂ ಇದ್ದದ್ದು 180 ಆದರೆ ಹೋದ ನೀರು 60. ಒಟ್ಟು ತೂಕದ ಲೆಕ್ಕದಲ್ಲಿ 60/240, ಶೇ 25. ಮೀಟರಿನ ಲೆಕ್ಕದಲ್ಲಿ 60/180, ಶೇ 33. ಮೈಕ್ರೋವೇವ್‌ನಲ್ಲಿ ಆತುರ ಮಾಡಬೇಡಿ, ಒಳಗಿಂದ ಸುಟ್ಟು ಕರಕಲಾದರೆ ಮರದ ತೂಕವೂ ಹೋಗಿ ಲೆಕ್ಕ ಕೆಡುತ್ತೆ.

ಹೊಗೆಕೊಳವೆ
ಒಂದು ಟನ್ ಸೌದೆಗೆ ಓವನ್ನು, ಬಿಲ್ಲೆ, ಗ್ರಾಂ ತಕ್ಕಡಿ... ಮದುವೆಗೆ ಇಷ್ಟು ವಿಚಾರಣೆ ಮಾಡಲ್ಲ ಮಾರಾಯ್ರೆ.

ಅಳತೆಪಟ್ಟಿ
ಹೊರಗಡೆ ಇದನ್ನ ಕಾನೂನಿನಲ್ಲೇ ಬಿಗಿ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮನೆ ಉರುವಲಿಗೆ ಮಾರೋ ಸೌದೆಯಲ್ಲಿ ನೀರು ಶೇ 20 ದಾಟಬಾರದು. ಅದಕ್ಕಿಂತ ದೊಡ್ಡ ಪ್ರಮಾಣದ ಹಸಿ ಮಾಲಿಗೆ ಒಣಗಿಸೋದು ಹೇಗೆ ಅನ್ನೋ ಸೂಚನೆ ಕೊಡಬೇಕು. ಅಮೆರಿಕದಲ್ಲಿ ಕಾರ್ಡ್ ಅನ್ನೋ ಅಳತೆ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಒತ್ತಾಗಿ ಒಟ್ಟಿದ 128 ಘನ ಅಡಿ, ಅಂದರೆ 3.62 ಘನ ಮೀಟರ್. ಅಲ್ಲಿನ ಮಾದರಿ ನಿಯಮಗಳಿರೋ ಹ್ಯಾಂಡ್‌ಬುಕ್ 130ರ ಪ್ರಕಾರ ಲೋಡು, ರಾಶಿ, ಫೇಸ್ ಕಾರ್ಡ್ ಅನ್ನೋ ಮಾತುಗಳಲ್ಲಿ ಸೌದೆ ಮಾರೋ ಹಾಗಿಲ್ಲ.

ಫೇಸ್ ಕಾರ್ಡ್ ಅಂದರೆ ಅದೇ 4 ಅಡಿ ಎತ್ತರ, 8 ಅಡಿ ಉದ್ದ, ಆದರೆ ಅಗಲ ಒಂದೇ ತುಂಡಿನಷ್ಟು. ತುಂಡು 16 ಇಂಚಾದರೆ ಸಿಗೋದು ಮೂರರಲ್ಲಿ ಒಂದು ಪಾಲು. ಎದುರಿಗೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ.

ಗರಗಸ
ತೂಕದ ಕಡೆ ಹೋಗೋರಿಗೆ ವೇಬ್ರಿಡ್ಜ್ ವಿಷಯ ಯಾರೂ ಹೇಳಲಿಲ್ಲ. ತುಂಬಿದ ಗಾಡಿ, ಖಾಲಿ ಗಾಡಿ ಎರಡನ್ನೂ ಅದೇ ದಿನ ಅದೇ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಹಳೇ ಚೀಟಿಯ ಖಾಲಿ ತೂಕ ಒಪ್ಪಬೇಡಿ. ಚಾಲಕ, ಕ್ಲೀನರ್ ಎರಡು ಸಲವೂ ಒಳಗಿರಬೇಕು ಅಥವಾ ಎರಡು ಸಲವೂ ಕೆಳಗಿರಬೇಕು. ತುಂಬಿದಾಗ ಇದ್ದ ಸ್ಟೆಪ್ನಿ, ಟಾರ್ಪಾಲು, ಹಗ್ಗ ಖಾಲಿ ತೂಗುವಾಗಲೂ ಇರಬೇಕು. ಗಾಡಿ ಹತ್ತೋ ಮುಂಚೆ ಸೊನ್ನೆ ತೋರಿಸ್ತಿದೆಯಾ, ಎಲ್ಲ ಚಕ್ರ ಹಲಗೆ ಮೇಲೆ ಬಂದಿದೆಯಾ ನೋಡಿ.

ಸಣ್ಣ ಮಾಲಿಗೆ ವೇಬ್ರಿಡ್ಜ್ ಬೇಡವೇ ಬೇಡ. 20 ಕೆಜಿ ಹೆಜ್ಜೆಯಲ್ಲಿ ತೋರಿಸೋ ಯಂತ್ರದಲ್ಲಿ ಒಂದೊಂದು ತೂಕವೂ 10 ಕೆಜಿ ಆ ಕಡೆ ಈ ಕಡೆ ಆಗಬಹುದು, ಎರಡು ತೂಕ ಕಳೆದಾಗ 20. ಐದು ಟನ್ನಿಗೆ ಅದು ಏನೂ ಅಲ್ಲ. 200 ಕೆಜಿಗೆ ಹತ್ತನೇ ಒಂದು ಪಾಲು.

ತಕ್ಕಡಿಮುಳ್ಳು
ಸಣ್ಣ ಮಾಲಿಗೆ ಪ್ಲಾಟ್‌ಫಾರಂ ತಕ್ಕಡಿ. ಸಮ ನೆಲದಲ್ಲಿ ಇಟ್ಟಿದೆಯಾ ನೋಡಿ. 20 ಲೀಟರ್ ನೀರಿನ ಕ್ಯಾನು ಒಯ್ದು ಮೊದಲು ಖಾಲಿ, ಆಮೇಲೆ ಕಂಠದವರೆಗಲ್ಲ, ಅಳೆದು 20 ಲೀಟರ್ ತುಂಬಿ ಇಡಿ. ವ್ಯತ್ಯಾಸ 20 ಕೆಜಿ ಬರಬೇಕು. ನಾಲ್ಕು ಮೂಲೆಗೂ ಇಟ್ಟು ನೋಡಿ, ಮೂಲೆಯಿಂದ ಮೂಲೆಗೆ ತೂಕ ಬದಲಾದರೆ ಆ ತಕ್ಕಡಿ ಬಿಡಿ. ತುಂಡು ಹೊರಗೆ ಚಾಚಿ ಗೋಡೆಗೋ ನೆಲಕ್ಕೋ ತಾಗಿದರೆ ತೂಕ ಕಡಿಮೆ ತೋರಿಸುತ್ತೆ, ಕೊಡುವವರಿಗೂ ಅನ್ಯಾಯ ಆಗೋದು ಬೇಡ.

ಡಿಪೋದವ
ಕೊನೆಯ ಸಾಲಿಗೆ ಧನ್ಯವಾದ ಸಾರ್.

ಬೂದಿಬುಟ್ಟಿ
ನೀರು, ತೂಕ ಸರಿ. ಮಾಲಿನ ಗುಣ? ಲಡ್ಡು ಹಿಡಿದದ್ದು, ಗೆದ್ದಲು ತಿಂದದ್ದು ನಡುವೆ ಸೇರಿಸ್ತಾರಲ್ಲ.

ಚೇಗುಕಟ್ಟಿಗೆ
ಲಡ್ಡು ಮರದಲ್ಲಿ ಉರಿಯೋ ಪದಾರ್ಥವನ್ನ ಬೂಷ್ಟು ಆಗಲೇ ತಿಂದಿರುತ್ತೆ. ಗಾತ್ರ ಹಾಗೇ ಇರುತ್ತೆ, ತೂಕ ಹೋಗಿರುತ್ತೆ. ಹಾಗಾಗಿ ಅಳತೆಗೆ ಕೊಂಡಾಗ ಪೂರ್ತಿ ನಷ್ಟ. ತೂಕಕ್ಕೆ ಕೊಂಡಾಗ, ಒಣಗಿದ್ದರೆ ನಷ್ಟ ಕಡಿಮೆ, ಆದರೆ ಅದು ನೀರು ಹೀರೋದು ಬೇಗ. ಉಗುರು ಒತ್ತಿದರೆ ತಗ್ಗು ಬಿದ್ದರೆ, ಅಡ್ಡ ಮುರಿದಾಗ ಎಳೆ ಏಳದೆ ಪಟ್ ಅಂತ ತುಂಡಾದರೆ ಅದು ಲಡ್ಡೇ. ಗೆದ್ದಲ ಮಣ್ಣು ತುಂಬಿದ್ದು, ಕೆಸರಲ್ಲಿ ಎಳೆದು ತಂದದ್ದು ತೂಕಕ್ಕೆ ಮಣ್ಣು ಸೇರಿಸುತ್ತೆ, ಒಲೆಯಲ್ಲಿ ಬೂದಿ ಹೆಚ್ಚಿಸುತ್ತೆ. ತೊಗಟೆಯಿಲ್ಲದ ಶುದ್ಧ ಮರದ ಬೂದಿ ಶೇ 1ರೊಳಗೆ ಇರುತ್ತೆ, ತೊಗಟೆಯಲ್ಲಿ ಹಲವು ಪಟ್ಟು. ಸಣ್ಣ ಕೊಂಬೆಗಳ ಮಾಲಿನಲ್ಲಿ ತೊಗಟೆ ಪಾಲೇ ಜಾಸ್ತಿ.

ಹೊಗೆಕೊಳವೆ
ಪ್ಯಾಕಿಂಗ್ ಪ್ಯಾಲೆಟ್ ಒಡೆದು ಸೌದೆ ಅಂತ ಮಾರ್ತಾರೆ. ಒಣಗಿರುತ್ತೆ, ಅಗ್ಗವೂ ಹೌದು. ತಗೊಳ್ಳಬಹುದಾ?

ಗರಗಸ
ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಕೀಟ ಕೊಂದದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಬಿಟ್ಟದ್ದು, ಅದನ್ನ ಮುಟ್ಟಬೇಡಿ. ಎಚ್‌ಟಿ ಇದ್ದರೂ ಮೇಲೆ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೆ ಬೇಡ. ಬಣ್ಣ ಬಳಿದದ್ದು, ಪ್ಲೈವುಡ್, ಹಸಿರು ಛಾಯೆ ಬರೋ ಹಾಗೆ ಔಷಧಿ ಕುಡಿಸಿದ ಮರ ಯಾವ ದರಕ್ಕೂ ಬೇಡ. ಕುಡಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಸುಟ್ಟರೆ ಅದು ಹೊಗೆಯಲ್ಲೂ ಬರುತ್ತೆ, ಬೂದಿಯಲ್ಲೂ ಉಳಿಯುತ್ತೆ. ಆ ಬೂದಿ ಗಿಡಕ್ಕೆ ಹಾಕೋ ಮಾತೇ ಇಲ್ಲ.

ಒಲೆಮುಂದೆ
ತೂಕದವರನ್ನೇ ಕೇಳಿದೆ. ಮೀಟರ್ ಚುಚ್ಚೋಕೆ ಅಡ್ಡಿಯಿಲ್ಲ, ಆದರೆ ತುಂಡು ಸೀಳಿಸಿ ನೋಡೋಕೆ ಬಿಡಲ್ಲ ಅಂತಾರೆ. ಇನ್ನು ಅಟ್ಟಿಯವರ ಮಾಲು ಮೀಟರ್‌ನಲ್ಲಿ 34 ತೋರಿಸ್ತು, ಸೀಳಿದ ಮುಖದಲ್ಲೇ. ಜಾಗ ಇದೆ. ಅದನ್ನ ಕೊಂಡು ಒಣಗಿಸಿದರೆ?

ಡಿಪೋದವ
ಸೀಳಿಸೋಕೆ ಬಿಡಲ್ಲ ಅಂದರೆ ಬಿಟ್ಟುಬಿಡಿ. ಸೀಳಿದ ತುಂಡೂ ಸೌದೆಯೇ, ಯಾರಿಗೂ ಕಾಸು ನಷ್ಟ ಇಲ್ಲ. ಬೇಡ ಅನ್ನೋದಕ್ಕೆ ಬೇರೆ ಕಾರಣ ಇರುತ್ತೆ.

ನೀರಿನಂಶ
34 ಅಂದರೆ ಒಟ್ಟು ತೂಕದ ಲೆಕ್ಕದಲ್ಲಿ ಶೇ 25ರ ಆಸುಪಾಸು, ಆದರೆ ಮೀಟರ್ ಆ ಮಟ್ಟದಲ್ಲಿ ಅಷ್ಟು ಖಚಿತ ಅಲ್ಲ, ಇನ್ನೂ ಹಸಿ ಇರಬಹುದು ಅಂತಲೇ ಹಿಡೀರಿ. ಅಳತೆಗೆ ಕೊಳ್ಳೋದರಿಂದ ನೀರಿಗೆ ದುಡ್ಡು ಹೋಗಲ್ಲ, ಅದು ನಿಮಗೆ ಅನುಕೂಲ. ಒಣಗುವಾಗ ಮರ ಕುಗ್ಗಿ ಅಟ್ಟಿ ಸ್ವಲ್ಪ ಕೆಳಗಿಳಿಯುತ್ತೆ, ಅದನ್ನ ನೋಡಿ ಅಳತೆ ಕಡಿಮೆ ಕೊಟ್ಟರು ಅಂತ ಜಗಳಕ್ಕೆ ಹೋಗಬೇಡಿ.

ಚೇಗುಕಟ್ಟಿಗೆ
ಇಳಿಸಿದ ದಿನವೇ ದಪ್ಪ ತುಂಡುಗಳನ್ನ ಇನ್ನೊಮ್ಮೆ ಸೀಳಿಸಿ. ದಪ್ಪ ಅರ್ಧ ಆದರೆ ಒಳಗಿನ ನೀರು ಹೊರಬರೋಕೆ ಬೇಕಾದ ಸಮಯ ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ನೆಲದಿಂದ ಒಂದು ಗೇಣು ಮೇಲೆ, ಎರಡು ಅಡ್ಡ ಮರದ ಮೇಲೆ ಒಟ್ಟಿ. ಒಂದೇ ತುಂಡಿನ ಅಗಲ ಸಾಕು, ಎರಡು ಸಾಲು ಮಾಡಿದರೆ ನಡುವೆ ಒಂದಡಿ ಬಿಡಿ. ಗಾಳಿ ಬೀಸೋ ಕಡೆಗೆ ಕೊನೆಗಳು ಬರಲಿ. ಮೇಲೆ ಮಾತ್ರ ತಗಡೋ ಶೀಟೋ ಹಾಕಿ, ಪಕ್ಕ ಮುಚ್ಚಬೇಡಿ, ಪೂರ್ತಿ ಟಾರ್ಪಾಲು ಸುತ್ತಿದರೆ ಒಳಗಿನ ಆವಿ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತೆ. ನಾಲ್ಕು ತುಂಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇವತ್ತಿನ ತೂಕ ಅದರ ಮೇಲೇ ಬರೆದಿಡಿ. ಎರಡು ವಾರಕ್ಕೊಮ್ಮೆ ತೂಗಿ. ಇಳಿಯೋದು ನಿಂತಾಗ ಒಂದನ್ನ ಸೀಳಿ ಮೀಟರ್ ಚುಚ್ಚಿ.

ಹೊಗೆಕೊಳವೆ
ಸೀಮೆಸುಣ್ಣ ಮಳೆಗೆ ಹೋಗುತ್ತೆ, ಮಾರ್ಕರ್ ತಗೊಳ್ಳಿ.